ಬಕನ ಪರವಾಗಿ ಎರಡು ಮಾತು

(ಬಾನುಲಿ ಭಾಷಣ: ಆಕಾಶವಾಣಿಯ ಕೃಪೆಯಿಂದ)

‘ಬಕಧ್ಯಾನ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ದೇವರ ಮುಂದೆ ಕಣ್ಣು ಮುಚ್ಚಿ ಕುಳಿತವನ ಮನಸ್ಸು ಪಕ್ಕದವನ ಗಂಟಿನ ಮೇಲಿದ್ದರೆ ಅದು ಬಕಧ್ಯಾನ. ಸಾಧುವಿನ ವೇಷ ತೊಟ್ಟ ಸಮಯಸಾಧಕನದು ಬಕವೃತ್ತಿ. ಬರಬೇಕಾದ ಬಸ್ಸಿಗಾಗಿ ಗಂಟೆಗಟ್ಟಲೆ ನಿಂತವನು ‘ಬಕಪಕ್ಷಿಯ ಹಾಗೆ ಕಾದೆ’ ಎಂದು ಗೊಣಗಿಕೊಳ್ಳುತ್ತಾನೆ. ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ನಾನು ಈ ಮೂರು ಪ್ರಯೋಗಗಳನ್ನೂ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ ಪಂಚತಂತ್ರದ ಬಕ ಮತ್ತು ಏಡಿಯ ಕತೆಯನ್ನು ಹೇಳುತ್ತಿದ್ದೆ. ಕಾರ್ಕಳದ ಕಡೆಯ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು, ‘ಸರ್, ಬಕ ಅಂದ್ರೆ ನಮ್ಮ ಗದ್ದೆಯ ಕೊರ್ಂಗಾ?’ ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ‘ಅದು ಬೇರೆ ಮಾರಾಯ, ಇದು ಕಾವ್ಯದ ಬಕ’ ಎಂದು ಉತ್ತರಿಸಿ ಮುಂದಿನ ವಾಕ್ಯಕ್ಕೆ ಹೋದೆ. ಹುಡುಗ ಕುಳಿತುಕೊಂಡ. ಅವನು ಕೇಳಿದ್ದೇ ಸರಿ, ನಾನು ಕೊಟ್ಟ ಉತ್ತರವೇ ತಪ್ಪು ಎಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ವೈದ್ಯರ ಅಪ್ಪಣೆಯಂತೆ ಮಣಿಪಾಲದ ಮಣ್ಣಪಳ್ಳದ ಸುತ್ತ ಬೆಳಗಿನ ನಡಿಗೆ ಆರಂಭಿಸಿದಾಗ, ಅಲ್ಲಿ ದುರ್ಬೀನು ಹಿಡಿದು ನಿಲ್ಲುತ್ತಿದ್ದ ವಿದ್ಯಾರ್ಥಿಯೊಬ್ಬ ಒಂದು ದಿನ ಅದನ್ನು ನನ್ನ ಕೈಗಿತ್ತು ನೀರಿನ ಅಂಚನ್ನು ತೋರಿಸಿದ. ನೂರಾರು ಸಲ ನೋಡಿದ್ದ ಹಕ್ಕಿಯನ್ನು ಅಂದು ಮೊದಲ ಬಾರಿಗೆ ಕಂಡೆ. ಆ ಹಳೆಯ ಉತ್ತರವನ್ನು ತಿದ್ದಿಕೊಳ್ಳುವುದೇ ಇಂದಿನ ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ಉದ್ದ ಕಾಲು, ಉದ್ದ ಕೊಕ್ಕಿನ ನೀರುಹಕ್ಕಿಗಳೆಲ್ಲವೂ ಕೊಕ್ಕರೆಗಳೇ. ತುಳುವಿನ ಕೊರ್ಂಗು, ಕನ್ನಡದ ಕೊಕ್ಕರೆ, ತಮಿಳಿನ ಕೊಕ್ಕು ಇವೆಲ್ಲ ಒಂದೇ ಬಳ್ಳಿಯ ಮಾತುಗಳು. ನಾವು ಚುಂಚಕ್ಕೆ ಇಟ್ಟುಕೊಂಡ ಹೆಸರು ತಮಿಳರಲ್ಲಿ ಹಕ್ಕಿಗೇ ಸಂದಿದೆ. ಪಕ್ಷಿಶಾಸ್ತ್ರಜ್ಞರು ಈ ದೊಡ್ಡ ಕುಟುಂಬವನ್ನು ಪಾಲು ಮಾಡಿ, ಬಕಗಳದು ಒಂದು ಮನೆ, ಕೊಕ್ಕರೆಗಳದು ಒಂದು ಮನೆ, ಸಾರಸಗಳದು ಇನ್ನೊಂದು ಮನೆ ಎಂದಿದ್ದಾರೆ. ನಿಂತಾಗ ಗುರುತಿಸುವುದು ಕಷ್ಟವಾದರೂ ಹಾರುವಾಗ ಸುಲಭ. ಕೊಕ್ಕರೆಯೂ ಸಾರಸವೂ ಸಾಮಾನ್ಯವಾಗಿ ಕತ್ತನ್ನು ಮುಂದಕ್ಕೆ ನೀಡಿ ಹಾರುತ್ತವೆ. ಬಕ ಕತ್ತನ್ನು ಮಡಿಚಿ, ತಲೆಯನ್ನು ಹೆಗಲ ನಡುವೆ ಇಟ್ಟುಕೊಂಡು ಹಾರುತ್ತದೆ. ನಾವು ಬೆಳ್ಳಕ್ಕಿ ಎನ್ನುವ ಅಚ್ಚಬಿಳಿಯ ಹಕ್ಕಿಗಳೂ, ದನಗಳ ಹಿಂದೆ ನಡೆಯುವ ಗೋವಕ್ಕಿಯೂ ಬಕದ ಮನೆಯವೇ.

ಆ ಮನೆಯಲ್ಲಿ ನಮ್ಮ ಕತೆಯ ನಾಯಕನಾದ ಕೊಳದ ಬಕ ತೀರ ಬಡವನಂತೆ ಕಾಣುವವನು. ಎತ್ತರದಲ್ಲಿ ಊರಕೋಳಿಗಿಂತ ದೊಡ್ಡದೇನಲ್ಲ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 45 ಸೆಂಟಿಮೀಟರ್. ಬೆನ್ನು ಕೆಸರಿನ ಬಣ್ಣ, ಕತ್ತು ಎದೆಗಳ ಮೇಲೆ ಒಣಹುಲ್ಲಿನಂಥ ಕಂದು ಗೀರುಗಳು, ಹಸಿರು ಬೆರೆತ ಹಳದಿ ಕಾಲು. ಹುಣಿಯ ಮೇಲೆ ಕುಗ್ಗಿ ಕುಳಿತರೆ ಮಣ್ಣಿನ ಹೆಂಟೆಯೆಂದೇ ಭ್ರಮೆ. ಆದರೆ ನಾಲ್ಕು ಹೆಜ್ಜೆ ಹತ್ತಿರ ಹೋದಾಗ, ಕರ್ಕಶವಾಗಿ ಒಮ್ಮೆ ಕೂಗಿ ಆ ಹೆಂಟೆ ಮೇಲೆದ್ದರೆ ಬಿಚ್ಚಿಕೊಳ್ಳುವ ರೆಕ್ಕೆಗಳು ಹಾಲಿನಂತೆ ಬಿಳಿ! ಹತ್ತು ಮಾರು ಹಾರಿ ಇಳಿದು ರೆಕ್ಕೆ ಮಡಿಚಿದೊಡನೆ ಬಿಳುಪೆಲ್ಲ ಮಾಯವಾಗಿ ಮತ್ತೆ ಮಣ್ಣು. ನೋಡುವವನ ಕಣ್ಣು ಬಿಳಿಯ ಹಕ್ಕಿಯನ್ನು ಹುಡುಕುತ್ತಿರುತ್ತದೆ. ಬಕ ಅವನ ಎದುರಿಗೇ ನಿಂತಿರುತ್ತದೆ.

ಮನುಷ್ಯ ಹತ್ತಿರ ಬರುವವರೆಗೂ ಕದಲದ ಈ ಸ್ವಭಾವಕ್ಕಾಗಿ ಹಿಂದಿಯವರು ಇದನ್ನು ‘ಅಂಧಾ ಬಗಲಾ’ ಎಂದು ಕರೆದರು. ಸಿಂಹಳದಲ್ಲಿಯೂ ಇದಕ್ಕೆ ಕುರುಡು ಕೊಕ್ಕರೆ ಎಂಬರ್ಥದ ಹೆಸರೇ ಇದೆ. ಹಕ್ಕಿ ನಮ್ಮನ್ನು ಕಂಡೂ ಕಾಣದಂತಿದ್ದರೆ ಕುರುಡು ಅದರದೆಂದು ತೀರ್ಮಾನಿಸುವುದು ಮನುಷ್ಯಸ್ವಭಾವ. ವಿಜ್ಞಾನದ ಪುಸ್ತಕಕ್ಕೆ ಇದು ಸೇರಿದ್ದು 1832ರಲ್ಲಿ. ದಖ್ಖನಿನಲ್ಲಿ ಸೇವೆಯಲ್ಲಿದ್ದ ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಇದನ್ನು ವರ್ಣಿಸಿ, ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಗ್ರೇ ಅವರ ಹೆಸರನ್ನು ಇದಕ್ಕೆ ಇಟ್ಟರು. ಶಾಸ್ತ್ರೀಯ ನಾಮ ಆರ್ಡಿಯೋಲಾ ಗ್ರೇಯೈ. ಇಂಗ್ಲಿಷರ ಬಾಯಲ್ಲಿ ಬಳಕೆಯಾದ ಹೆಸರು ಮಾತ್ರ ‘ಪ್ಯಾಡಿ ಬರ್ಡ್’, ಅಂದರೆ ಭತ್ತದ ಹಕ್ಕಿ. ಭತ್ತದ ಒಂದು ಕಾಳನ್ನೂ ಇದು ಮುಟ್ಟುವುದಿಲ್ಲ. ಆದರೂ ಆ ಹೆಸರಿನಲ್ಲಿ ಒಂದು ದೊಡ್ಡ ಸತ್ಯವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಈಗ ಆ ಪ್ರಸಿದ್ಧ ಧ್ಯಾನದ ವಿಚಾರ. ಪಾದ ಮುಳುಗುವಷ್ಟು ನೀರಿನಲ್ಲಿ ಬಕ ಏಕೆ ಹಾಗೆ ನಿಲ್ಲುತ್ತದೆ? ಅದಕ್ಕೆ ಬೇರೆ ಉಪಾಯವಿಲ್ಲ. ಬಾತಿನಂತೆ ಅದಕ್ಕೆ ಜಾಲಪಾದವಿಲ್ಲ, ಗಿಡುಗನ ಉಗುರಿಲ್ಲ, ಮಿಂಚುಳ್ಳಿಯಂತೆ ಮೇಲಿನಿಂದ ಧುಮುಕುವುದು ಅದರ ವೃತ್ತಿಯಲ್ಲ. ಅದರ ಬಂಡವಾಳವೆಲ್ಲ ಕತ್ತಿನಲ್ಲಿದೆ. ಬಕಗಳ ಕತ್ತಿನ ಮೂಳೆಯ ಮಣಿಗಳಲ್ಲಿ ಆರನೆಯದು ಉಳಿದವುಗಳಿಗಿಂತ ಉದ್ದ. ಅದರಿಂದಾಗಿಯೇ ಕತ್ತು ಅಲ್ಲಿ ಮುರಿದಂತೆ ಬಾಗಿ, ಎಳೆದು ಹಿಡಿದ ಬಿಲ್ಲಿನಂತೆ ನಿಲ್ಲುತ್ತದೆ. ಬೇಟೆ ಅಳತೆಯೊಳಗೆ ಬಂದ ಕ್ಷಣ ಆ ಬಿಲ್ಲು ಬಿಚ್ಚಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಹೊಡೆತವಲ್ಲ, ಕೊಕ್ಕಿನಲ್ಲಿ ಒದ್ದಾಡುತ್ತಿರುವ ಮೀನು. ಹೊಡೆತಕ್ಕೆ ಮೊದಲು ನೀರು ಕದಡಿದರೆ, ನೆರಳು ಅಲುಗಿದರೆ, ಆ ತುತ್ತು ಹೋಯಿತು. ಆದ್ದರಿಂದ ನಿಶ್ಚಲತೆ ಅದಕ್ಕೆ ವೇಷವಲ್ಲ, ಹೊಟ್ಟೆಪಾಡು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುವುದನ್ನು ನಾವೆಲ್ಲ ಶಾಲೆಯಲ್ಲಿ ಬೆಳಕಿನ ವಕ್ರೀಭವನವೆಂದು ಓದಿದ್ದೇವೆ. ಅದೇ ಕಾರಣದಿಂದ ನೀರೊಳಗಿನ ಮೀನು ಇರುವ ಜಾಗದಲ್ಲಿ ಕಾಣುವುದಿಲ್ಲ. ಇರುವುದಕ್ಕಿಂತ ಮೇಲೆ ಇದ್ದಂತೆ ತೋರುತ್ತದೆ. ಕಂಡಲ್ಲಿಗೆ ಹೊಡೆದರೆ ಗುರಿ ತಪ್ಪುತ್ತದೆ. ನಮ್ಮ ಕಾಪುವಿನ ಕಡಲತೀರದಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಆಸುಪಾಸಿನ ಬಂಡೆಗಳ ಮೇಲೆ, ತೆರೆ ಹಿಂದೆ ಸರಿದಾಗ ಬೂದುಗಪ್ಪು ಬಣ್ಣದ ಬಕವೊಂದು ಹೆಜ್ಜೆಯಿಡುವುದನ್ನು ನೀವು ನೋಡಿರಬಹುದು. ಇದು ಬೆಳ್ಳಕ್ಕಿಗಳ ಹತ್ತಿರದ ಸಂಬಂಧಿ, ಕಡಲಂಚಿನಲ್ಲೇ ಬಾಳುವಂಥದು. ಇದೇ ಜಾತಿಯ ಹಕ್ಕಿಗಳನ್ನು ಇಟ್ಟುಕೊಂಡು 1980ರ ದಶಕದಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಯೋಗ ನಡೆಸಿದರು. ಹಕ್ಕಿ ತಾನು ನೋಡುವ ಕೋನವನ್ನೂ ಮೀನಿನ ಆಳವನ್ನೂ ಹೊಂದಿಸಿಕೊಂಡು, ಕಾಣುವ ಜಾಗವನ್ನು ಬಿಟ್ಟು ಇರುವ ಜಾಗಕ್ಕೇ ಕೊಕ್ಕನ್ನು ಕಳುಹಿಸುತ್ತದೆಂದು ಅವರು ಕಂಡುಕೊಂಡರು. ಕಂಡದ್ದನ್ನೆಲ್ಲ ನಿಜವೆಂದು ನಂಬದಿರುವ ಈ ವಿವೇಕವನ್ನು ನಮ್ಮ ದರ್ಶನಕಾರರು ಬಹು ದೊಡ್ಡ ಮಾತುಗಳಲ್ಲಿ ಹೇಳಿದ್ದಾರೆ. ಬಕ ಅದನ್ನು ದಿನಕ್ಕೆ ಹತ್ತಾರು ಬಾರಿ ಆಚರಿಸುತ್ತದೆ.

ತಪಸ್ವಿ ಎಂದ ಮೇಲೆ ವಿಭೂತಿಯೂ ಇರಬೇಕಷ್ಟೆ. ಅದೂ ಇದೆ. ಬಕಗಳ ಎದೆ, ಸೊಂಟಗಳ ಮೇಲೆ ಒಂದು ವಿಶೇಷ ಬಗೆಯ ತುಪ್ಪುಳವಿರುತ್ತದೆ. ಅದರ ತುದಿ ಸದಾ ಸವೆದು ಹಿಟ್ಟಾಗಿ ಉದುರುತ್ತಿರುತ್ತದೆ. ಮೀನಿನ ಲೋಳೆ ಗರಿಗಳಿಗೆ ಅಂಟಿದಾಗ ಹಕ್ಕಿ ಆ ಹಿಟ್ಟನ್ನು ಸವರಿಕೊಂಡು, ಲೋಳೆ ಹೀರಿದ ಮೇಲೆ ಕಾಲಿನಿಂದ ಬಾಚಿ ತೆಗೆಯುತ್ತದೆ. ಬಾಚುವುದಕ್ಕೆಂದೇ ನಡುಬೆರಳಿನ ಉಗುರಿನ ಅಂಚು ಬಾಚಣಿಗೆಯಂತೆ ಹಲ್ಲುಹಲ್ಲಾಗಿದೆ. ಕೆಸರಿನಲ್ಲಿಯೇ ಬದುಕು ಕಳೆದರೂ ಬಕದ ಮೈ ಮಡಿಯಾಗಿರುವ ಗುಟ್ಟು ಇದು.

ಆಹಾರದ ವಿಷಯದಲ್ಲಿ ಅದಕ್ಕೆ ಬಿಗುಮಾನವಿಲ್ಲ. ಸಣ್ಣ ಮೀನು, ಕಪ್ಪೆ, ಗೊದಮೊಟ್ಟೆ, ಸಿಗಡಿ, ಗದ್ದೆಯ ಏಡಿ, ನೀರಿನ ಹುಳು, ಒಮ್ಮೊಮ್ಮೆ ಜಿಗಣೆ; ನೀರಿಲ್ಲದಲ್ಲಿ ಮಿಡತೆ, ಜೀರುಂಡೆ, ಏರೋಪ್ಲೇನ್ ಚಿಟ್ಟೆ. ಹಗಲಿಡೀ ಬಹುಮಟ್ಟಿಗೆ ಒಂಟಿ. ಒಂದು ತೋಡಿನ ತಿರುವಿಗೆ ಒಂದು, ಒಂದು ಗದ್ದೆಯ ಮೂಲೆಗೆ ಒಂದು ಎಂಬಂತೆ ಹಂಚಿಕೊಂಡು ನಿಲ್ಲುತ್ತವೆ. ಬಿಸಿಲೇರಿದಾಗ ಕೊಕ್ಕು ತೆರೆದು ಗಂಟಲನ್ನು ನಡುಗಿಸುತ್ತ ಮೈಯ ಕಾವನ್ನು ಹೊರಗೆ ಹಾಕುತ್ತವೆ. ಸಂಜೆಯಾದೊಡನೆ ಆ ಒಂಟಿತನವೆಲ್ಲ ಮುಗಿಯಿತು. ಸುತ್ತಲಿನ ಬೈಲುಗಳಿಂದ ಒಂದೊಂದಾಗಿ ಹೊರಟು, ಊರಿನ ಯಾವುದೋ ಒಂದು ಮರಕ್ಕೆ ಬಂದು, ಕೊಂಬೆಗಾಗಿ ಜಗಳವಾಡಿ, ರಾತ್ರಿ ಒಟ್ಟಿಗೆ ಕಳೆಯುತ್ತವೆ. ಹಗಲಲ್ಲಿ ವಾನಪ್ರಸ್ಥ, ರಾತ್ರಿಗೆ ಕೂಡುಕುಟುಂಬ.

ಮುಂಗಾರು ಬಂತೆಂದರೆ ಬಕದ ರೂಪವೇ ಬದಲಾಗುತ್ತದೆ. ಕೆಸರುಬಣ್ಣ ಹೋಗಿ ಬೆನ್ನಿನ ಮೇಲೆ ಕಡುಗೆಂಪಿನ ಶಾಲು ಹೊದೆದಂತೆ ಉದ್ದ ಗರಿಗಳು ಇಳಿಯುತ್ತವೆ. ತಲೆಯ ಹಿಂದೆ ಎರಡು ಮೂರು ಬಿಳಿಯ ಜುಟ್ಟುಗರಿಗಳು ತೂಗುತ್ತವೆ. ಮನುಷ್ಯ ಗೃಹಸ್ಥಾಶ್ರಮವನ್ನು ಬಿಟ್ಟ ಮೇಲೆ ಕಾವಿ ಉಡುತ್ತಾನೆ. ಬಕ ಗೃಹಸ್ಥನಾಗುವಾಗ ಕಾವಿ ಹೊದೆಯುತ್ತದೆ. ಮಾವು, ಹುಣಿಸೆ, ಆಲ ಮುಂತಾದ ಮರಗಳಲ್ಲಿ, ಅದೂ ಹಲವು ಸಲ ಜನಸಂದಣಿಯ ಪೇಟೆಯ ನಡುವೆಯೇ, ಬೆಳ್ಳಕ್ಕಿಗಳ ಜೊತೆ ಸೇರಿ ಕೇರಿ ಕಟ್ಟುತ್ತವೆ. ಗೂಡೆಂದರೆ ಕಡ್ಡಿಗಳ ಒಂದು ಅಟ್ಟಣೆ, ಅಷ್ಟೆ; ಹಳೆಯದು ಉಳಿದಿದ್ದರೆ ಅದನ್ನೇ ದುರಸ್ತಿ ಮಾಡಿಕೊಳ್ಳುವುದೂ ಉಂಟು. ನಸುಹಸಿರು ನೀಲಿಯ ಮೂರರಿಂದ ಐದು ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕುಳಿತು 18ರಿಂದ 24 ದಿನ ಕಾವು ಕೊಡುತ್ತವೆ. ಮರಿಗಳಿಗೆ ಉಣಿಸುವುದೂ ಇಬ್ಬರ ಪಾಲಿನದು. ಎಲ್ಲ ಮೊಟ್ಟೆಗಳೂ ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ಗೂಡಿನಲ್ಲಿ ಅಣ್ಣಂದಿರು ತಮ್ಮಂದಿರು ಉಂಟು. ಮೀನು ಕಡಿಮೆಯಾದ ವರ್ಷ ಹಸಿವಿನಿಂದ ಸಾಯುವವನು ಕೊನೆಯ ತಮ್ಮ. ಅಪಾಯ ಕಂಡಾಗ ಮರಿಗಳು ನುಂಗಿದ್ದನ್ನು ಕೆಳಗೆ ನಿಂತವನ ಮೇಲೆ ಕಾರಿಬಿಡುತ್ತವೆ. ಇದರಿಂದಲೂ ಹಿಕ್ಕೆಯ ವಾಸನೆಯಿಂದಲೂ ಬೇಸತ್ತು ಮರದ ಕೊಂಬೆಗಳನ್ನೇ ಕಡಿಸುವ ಮನೆಯವರಿದ್ದಾರೆ. ಮಳೆಗಾಲ ಮುಗಿದ ಮೇಲೆ ಕಡಿಸಿದರೆ ಒಂದು ಕೇರಿ ಉಳಿಯುತ್ತದೆ ಎಂದಷ್ಟೇ ಅಂಥವರಲ್ಲಿ ನನ್ನ ವಿನಂತಿ.

ಕಾಳಿದಾಸನ ಮೇಘದೂತದಲ್ಲಿ ಯಕ್ಷ ಮೋಡಕ್ಕೆ ಹೇಳುವ ಮಾತೊಂದಿದೆ: ನಿನ್ನನ್ನು ಕಂಡ ಬಲಾಕಗಳು ತಮ್ಮ ಗರ್ಭಾಧಾನದ ಕಾಲ ಬಂತೆಂದು ಅರಿತು ಸಾಲುಗಟ್ಟಿ ನಿನ್ನ ಸೇವೆಗೆ ಬರುತ್ತವೆ ಎಂದು. ಇದನ್ನು ಕವಿಸಮಯವೆಂದು ತಿಳಿದು ಪಾಠ ಹೇಳಿದವರಲ್ಲಿ ನಾನೂ ಒಬ್ಬ. ಇದು ನೋಡಿ ಬರೆದ ಮಾತು. ಮಳೆ ಬಂದರೆ ಗದ್ದೆ ತೋಡುಗಳಲ್ಲಿ ಕಪ್ಪೆ ಮೀನುಗಳ ಮರಿ. ಅವು ಬಂದರೆ ಬೆಳ್ಳಕ್ಕಿಗಳ ಮನೆಯಲ್ಲಿ ತೊಟ್ಟಿಲು. ಮೋಡಕ್ಕೂ ಗೂಡಿಗೂ ಇರುವ ಈ ನಂಟನ್ನು ಕವಿ ಒಂದು ಶ್ಲೋಕದಲ್ಲಿ ಹಿಡಿದಿದ್ದಾನೆ. ನಮ್ಮ ಕುವೆಂಪು ಅವರಿಗೆ ಹೊಳೆಯ ಮೇಲಿನ ಬಾನಿನಲ್ಲಿ ಹಾರಿದ ಹಕ್ಕಿಗಳ ಸಾಲು ದೇವರು ಹಾಕಿದ ರುಜುವಾಗಿ ಕಂಡಿತು.

ಹಾಗಾದರೆ ಕೊಳದ ಬಕಕ್ಕೆ ಕೆಟ್ಟ ಹೆಸರು ಎಲ್ಲಿಂದ ಬಂತು? ಬಹುಪಾಲು ಪಂಚತಂತ್ರದಿಂದ. ಮುದಿ ಬಕವೊಂದು, ಬರಗಾಲ ಬಂದು ಕೆರೆ ಬತ್ತಿಹೋಗುತ್ತದೆಂದು ಮೀನುಗಳನ್ನು ನಂಬಿಸಿ, ಬೇರೆ ಕೊಳಕ್ಕೆ ಒಯ್ಯುವೆನೆಂದು ಒಂದೊಂದನ್ನೇ ಹೊತ್ತೊಯ್ದು ತಿಂದು, ಕೊನೆಗೆ ಏಡಿಯ ಕೈಯಲ್ಲಿ ಕತ್ತು ಕಡಿಸಿಕೊಂಡ ಕತೆ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅಂದಿನಿಂದ ಕನ್ನಡಿಗರಿಗೂ ಆ ಕತೆಗಳ ಲೋಕ ಸ್ವಂತದ್ದಾಯಿತು. ಭಾಗವತದಲ್ಲಿ ಬಾಲಕೃಷ್ಣನನ್ನು ನುಂಗಲು ಬಂದ ಅಸುರನದೂ ಬಕರೂಪ. ಏಕಚಕ್ರನಗರದಲ್ಲಿ ಭೀಮನಿಂದ ಹತನಾದ ರಾಕ್ಷಸನ ಹೆಸರೂ ಬಕ. ಯಕ್ಷಗಾನದ ಚೆಂಡೆಯ ಸದ್ದಿನಲ್ಲಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಬಕನೆಂದರೆ ಬಂಡಿ ಅನ್ನ ತಿನ್ನುವವನು.

ಆದರೆ ನಮ್ಮ ಪರಂಪರೆ ಒಂದೇ ಬಾಯಿಯಲ್ಲಿ ಮಾತಾಡಿಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಬಕವೃತ್ತಿಯವರಿಗೆ ಬಾಯುಪಚಾರವನ್ನೂ ಮಾಡಬೇಡ ಎನ್ನುತ್ತದೆ. ಅದೇ ಗ್ರಂಥದ ಏಳನೆಯ ಅಧ್ಯಾಯ, ಅರಸನಾದವನು ಕಾರ್ಯಗಳನ್ನು ಬಕನಂತೆ ಚಿಂತಿಸಬೇಕು ಎನ್ನುತ್ತದೆ. ಚಾಣಕ್ಯನೀತಿ ಇಂದ್ರಿಯಗಳನ್ನು ಬಿಗಿಹಿಡಿದು ದೇಶಕಾಲಬಲಗಳನ್ನು ಅರಿತು ಕೆಲಸ ಸಾಧಿಸುವುದನ್ನು ಬಕನಿಂದ ಕಲಿಯಿರಿ ಎಂದು ಬೋಧಿಸುತ್ತದೆ. ವಿದ್ಯಾರ್ಥಿಯ ಐದು ಲಕ್ಷಣಗಳನ್ನು ಹೇಳುವ ಪ್ರಸಿದ್ಧ ಸುಭಾಷಿತದಲ್ಲಿ ಬಕಧ್ಯಾನವೂ ಒಂದು, ಅದೂ ಹೊಗಳಿಕೆಯಾಗಿ! ಎಲ್ಲಕ್ಕಿಂತ ಮಿಗಿಲಾದದ್ದು ಮಹಾಭಾರತದ ವನಪರ್ವ. ಕೊಳದ ದಂಡೆಯಲ್ಲಿ ನಾಲ್ವರು ತಮ್ಮಂದಿರು ಬಿದ್ದಿರುವಾಗ ಧರ್ಮರಾಯನನ್ನು ತಡೆದ ಯಕ್ಷ ತನ್ನನ್ನು ಮೊದಲು ಪರಿಚಯಿಸಿಕೊಳ್ಳುವುದು, ಪಾಚಿಯನ್ನೂ ಮೀನನ್ನೂ ತಿಂದು ಬದುಕುವ ಬಕನೆಂದು. ಪಾಚಿ ತಿನ್ನುವ ಮಾತನ್ನು ಪಕ್ಷಿಶಾಸ್ತ್ರಜ್ಞರು ಒಪ್ಪಲಾರರು, ಇರಲಿ. ಆ ಬಕ ಯಾರೆಂದರೆ ಸಾಕ್ಷಾತ್ ಧರ್ಮದೇವತೆ. ಮಗನ ಸತ್ಯವನ್ನು ಪರೀಕ್ಷಿಸಲು ಧರ್ಮ ಹಂಸವಾಗಿ ಬರಲಿಲ್ಲ, ಗರುಡನಾಗಿ ಬರಲಿಲ್ಲ. ಕೊಳದ ಬಕವಾಗಿ ಬಂದು ಕಾದು ನಿಂತಿತು. ಕಪಟಕ್ಕೆ ಮಾದರಿಯೆಂದು ನಾವು ಹಳಿಯುವ ಹಕ್ಕಿಯ ರೂಪವನ್ನೇ ಧರ್ಮಕ್ಕೆ ತೊಡಿಸಿದ ಆ ಕವಿಯ ಧೈರ್ಯವನ್ನು ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನಾನು ತರಗತಿಯಲ್ಲಿ ಎತ್ತಿ ತೋರಿಸಲಿಲ್ಲ.

ಇನ್ನು ಆ ‘ಭತ್ತದ ಹಕ್ಕಿ’ ಎಂಬ ಹೆಸರಿನ ಸತ್ಯಕ್ಕೆ ಬರೋಣ. ಬಕಕ್ಕೆ ಬೇಕಾದದ್ದು ಆಳವಾದ ನೀರಲ್ಲ. ಅದರ ಕಾಲು ಮುಳುಗಿದರೆ ಬೇಟೆಯಿಲ್ಲ. ನೆಲ ಒಣಗಿದರೂ ಬೇಟೆ ಕಡಿಮೆ. ಗೇಣುದ್ದದ ತೆಳುನೀರು ಅದರ ಲೋಕ. ಕಾರ್ಕಳದ ಆನೆಕೆರೆಯಂಥ ವಿಸ್ತಾರವಾದ ಕೆರೆಯಲ್ಲಿಯೂ ಅದು ಉಪಯೋಗಿಸುವುದು ಅಂಚಿನ ಒಂದು ಪಟ್ಟಿಯನ್ನು ಮಾತ್ರ. ಕೆರೆಯನ್ನು ಸುಂದರಗೊಳಿಸುವುದೆಂದರೆ ಸುತ್ತ ನೆಟ್ಟಗೆ ಕಲ್ಲುಗೋಡೆ ಕಟ್ಟುವುದೆಂದು ತಿಳಿದಲ್ಲಿ ಆ ಪಟ್ಟಿಯೂ ಹೋಗುತ್ತದೆ. ಕೆರೆ ತುಂಬಿದ್ದರೂ ಬಕಕ್ಕೆ ನಿಲ್ಲಲು ನೆಲವಿಲ್ಲ. ಆದರೆ ಮನುಷ್ಯ ಭತ್ತ ಬೆಳೆಯಲು ಹೊರಟಾಗ, ತನಗೆ ತಿಳಿಯದೆಯೇ, ಬಕಕ್ಕಾಗಿ ಸಾವಿರಾರು ಎಕರೆ ತೆಳುನೀರನ್ನು ಸಿದ್ಧಮಾಡಿಕೊಟ್ಟ.

ನಮ್ಮ ಕರಾವಳಿಯ ಹಿರಿಯರು ಗದ್ದೆಗಳನ್ನು ನೀರಿನ ಲೆಕ್ಕದಲ್ಲಿ ಮೂರಾಗಿ ವಿಂಗಡಿಸಿದ್ದರು. ತಗ್ಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಬೆಳೆಯೊಂದೇ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿ. ನೀರಿರುವ ಬೈಲಿನಲ್ಲಿ ಬೇಸಗೆಯ ಕೊಳಕೆಯೂ ಸೇರಿ ಮೂರು ಬೆಳೆ. ಹೀಗಾಗಿ ಮಳೆ ನಿಂತು ತಿಂಗಳುಗಳಾದರೂ ಊರಿನಲ್ಲಿ ಎಲ್ಲೋ ಒಂದು ಕಡೆ ಉಳುಮೆ, ಎಲ್ಲೋ ಒಂದು ಕಡೆ ನೀರು. ನೇಗಿಲ ಹಿಂದೆ ಬೆಳ್ಳಕ್ಕಿ, ಹುಣಿಯ ಮೇಲೆ ಕೊರ್ಂಗು. ಬೆಳೆಗೆ ಬೀಳುವ ಹುಳುಗಳನ್ನು ಕಪ್ಪೆ ತಿನ್ನುತ್ತಿತ್ತು, ಕಪ್ಪೆಯನ್ನೂ ಹುಳುವನ್ನೂ ಹಕ್ಕಿ ತಿನ್ನುತ್ತಿತ್ತು. ಈ ಲೆಕ್ಕವನ್ನು ನಾವು ಕೆಡಿಸಿದ ಸಂದರ್ಭಗಳಿವೆ. ಕಪ್ಪೆಯ ಕಾಲುಗಳು ಒಂದು ಕಾಲಕ್ಕೆ ನಮ್ಮ ದೇಶದಿಂದ ಟನ್ನುಗಟ್ಟಲೆ ಹೊರಗೆ ಹೋಗುತ್ತಿದ್ದವು. 1987ರಲ್ಲಿ ಸರಕಾರ ಆ ರಫ್ತನ್ನು ನಿಲ್ಲಿಸಿತು. ಅದಕ್ಕೂ ಹಿಂದೆ, ಯುರೋಪಿನ ಹೆಂಗಸರ ಟೋಪಿಯ ಶೃಂಗಾರಕ್ಕಾಗಿ ಬೆಳ್ಳಕ್ಕಿಗಳನ್ನು ಗೂಡುಗಳಲ್ಲೇ ಕೊಂದು ಗರಿ ಕೀಳುವ ವ್ಯಾಪಾರ ಬೆಳೆದು, 1902ರಲ್ಲಿ ಭಾರತದಿಂದ ಗರಿಗಳ ರಫ್ತನ್ನು ನಿಷೇಧಿಸಬೇಕಾಯಿತು. ಕೋವಿಯಿಂದ ಹಕ್ಕಿಯನ್ನು ಉಳಿಸಲು ಕಾನೂನು ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇಂದಿಗೂ ಇದೆ. ಆದರೆ ಗದ್ದೆ ಉಳಿಯದಿದ್ದರೆ ಏನು ಮಾಡುವುದು? ಅದಕ್ಕೆ ಕೋವಿಯೂ ಬೇಡ, ಅಪರಾಧಿಯೂ ಸಿಗುವುದಿಲ್ಲ.

ಕೊಳದ ಬಕ ಅಳಿವಿನ ಅಂಚಿನಲ್ಲಿರುವ ಹಕ್ಕಿಯೇನೂ ಅಲ್ಲ. ಇರಾನಿನ ದಕ್ಷಿಣದಿಂದ ಬರ್ಮಾದವರೆಗೆ ಅದು ಸಾಮಾನ್ಯ. ಗದ್ದೆ ಹೋದರೆ ಚರಂಡಿಯ ಬಳಿ, ಮೀನುಪೇಟೆಯ ಹಿಂದೆ ನಿಂತಾದರೂ ಹೊಟ್ಟೆ ಹೊರೆದುಕೊಳ್ಳುತ್ತದೆ. ಹಾಗಿದ್ದ ಮೇಲೆ ಚಿಂತೆ ಏಕೆ ಎಂದು ನೀವು ಕೇಳಬಹುದು. ರಂಗನತಿಟ್ಟಿನಲ್ಲಿ 1940ರಿಂದ ಪಕ್ಷಿಧಾಮವಿದೆ, ಕೊಕ್ಕರೆ ಬೆಳ್ಳೂರಿನಲ್ಲಿ ಊರವರೇ ಹಕ್ಕಿಗಳನ್ನು ಕಾಯುತ್ತಾರೆ; ಅಪರೂಪದ ಅತಿಥಿಗಳಿಗೆ ಉಪಚಾರ ಸಿಗುತ್ತದೆ. ಮನೆಯವರ ಕ್ಷೇಮವನ್ನು ವಿಚಾರಿಸುವವರು ಯಾರು? ಸಾಮಾನ್ಯವಾದದ್ದು ಕಡಿಮೆಯಾಗುತ್ತ ಬಂದಾಗ ಯಾರ ಲೆಕ್ಕಕ್ಕೂ ಅದು ಬರುವುದಿಲ್ಲ ಎಂಬುದೇ ನನ್ನ ಚಿಂತೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕಾಪುವಿನ ಒಳಗಡೆ, ಪಾಂಗಾಳ ಹೊಳೆಯ ದಿಕ್ಕಿನಲ್ಲಿ, ನಮ್ಮ ಮನೆತನದ ಒಂದು ಬೈಲುಗದ್ದೆಯಿದೆ. ಒಂದು ಎಕರೆಗೆ ಸ್ವಲ್ಪ ಕಡಿಮೆ. ಅಜ್ಜ ಗೇಣಿಗೆ ಮಾಡುತ್ತಿದ್ದದ್ದು. 1974ರ ಭೂಸುಧಾರಣೆಯ ಕಾನೂನಿನ ಬಳಿಕ ತಂದೆಯವರ ಹೆಸರಿಗೆ ಬಂತು. ಆ ಕಾಗದ ಕೈಗೆ ಬಂದ ದಿನ ತಂದೆ ಗದ್ದೆಯ ಮಣ್ಣನ್ನು ತಂದು ದೇವರ ಮುಂದೆ ಇಟ್ಟದ್ದನ್ನು ನಾನು ನೋಡಿದ್ದೇನೆ. ಅವರ ನಂತರ ನಾನು ಪಾಠ ಹೇಳಲು ಹೋದೆ, ತಮ್ಮ ಮುಂಬಯಿಗೆ ಹೋದ. ಆಳು ಸಿಗುವುದಿಲ್ಲ, ಖರ್ಚು ಹುಟ್ಟುವುದಿಲ್ಲ ಎಂಬ ಎರಡು ನಿಜಗಳನ್ನು ಮುಂದಿಟ್ಟುಕೊಂಡು ಹದಿನಾಲ್ಕು ವರ್ಷ ಗದ್ದೆಯನ್ನು ಹಡಿಲು ಬಿಟ್ಟೆವು. ಕೊನೆಗೆ ಅದನ್ನು ಎತ್ತರಿಸಿ ನಿವೇಶನ ಮಾಡಿ ಮಾರುವುದೆಂದು ಇಬ್ಬರೂ ಒಪ್ಪಿದೆವು. ಕೆಂಪುಮಣ್ಣಿನ ಲಾರಿಗಳಿಗೆ ಹೂಂ ಎಂದವನು ನಾನೇ.

ಮೊದಲ ಹನ್ನೊಂದು ಲೋಡು ಬಿದ್ದ ಸಂಜೆ ನೋಡಲು ಹೋಗಿದ್ದೆ. ಒಂದು ಮೂಲೆ ತುಂಬಿತ್ತು. ಉಳಿದಲ್ಲಿ ಜೊಂಡು ಬೆಳೆದು, ತೋಡಿನ ಹತ್ತಿರ ಚಾಪೆಯಗಲದ ನೀರು ಉಳಿದಿತ್ತು. ಅದರಲ್ಲಿ ಒಂದು ಕೊರ್ಂಗು. ಹಿಂದೆ ನಮ್ಮಲ್ಲಿ ನಾಟಿಗೆ ಬರುತ್ತಿದ್ದ ನೆರೆಮನೆಯ ಅಕ್ಕ ಹುಲ್ಲಿನ ಹೊರೆ ಇಳಿಸಿ ನನ್ನ ಪಕ್ಕದಲ್ಲಿ ನಿಂತು ತುಳುವಿನಲ್ಲಿ ಹೇಳಿದರು: ‘ಮಾಸ್ಟ್ರೇ, ಗದ್ದೆ ಹಡಿಲು ಬಿದ್ದದ್ದು ಅದಕ್ಕೆ ಇನ್ನೂ ಗೊತ್ತಾಗಲಿಲ್ಲ ಕಾಣುತ್ತದೆ. ದಿನಾ ಬರುತ್ತದೆ.’ ಅವರ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ನಾನು ಮಾತ್ರ ಆ ಹೊತ್ತಿಗೆ ಸೆಂಟ್ಸಿಗೆ ಎಷ್ಟು ಬಂದೀತೆಂದು ಮನಸ್ಸಿನಲ್ಲೇ ಗುಣಿಸುತ್ತ, ಮುಖದಲ್ಲಿ ಹಳೆಯ ನೆನಪುಗಳ ಭಾವವನ್ನು ತಂದುಕೊಂಡು ನಿಂತಿದ್ದೆ. ಆ ಸಂಜೆ ಗದ್ದೆಯಲ್ಲಿ ಇದ್ದ ಬಕಗಳು ಎರಡು. ನಾನು ಪಾಠದಲ್ಲಿ ವಿವರಿಸುತ್ತಿದ್ದ ಬಕವೃತ್ತಿಯದು ನೀರಿನಲ್ಲಿ ನಿಂತದ್ದಲ್ಲ, ಹುಣಿಯ ಮೇಲೆ ನಿಂತದ್ದು. ಪಂಚತಂತ್ರದ ಬಕ ಕೆರೆ ಬತ್ತುವುದೆಂದು ಸುಳ್ಳು ಹೇಳಿತ್ತು. ಆ ಸುಳ್ಳನ್ನು ನಿಜ ಮಾಡುವುದಕ್ಕೆ ನಾನು ಲಾರಿ ಗೊತ್ತುಮಾಡಿದ್ದೆ.

ಮರುದಿನ ಲಾರಿಯವರಿಗೆ ಬೇಡವೆಂದು ಹೇಳಿದೆ. ತಮ್ಮನಿಗೆ ಬರೆದ ಕಾಗದಕ್ಕೆ ಉತ್ತರ ಇನ್ನೂ ಬಂದಿಲ್ಲ. ಅವನ ಪಾಲಿನ ಹಣವನ್ನು ನಾನು ತಡೆದಂತಾಯಿತು ಎಂಬುದೂ ಸುಳ್ಳಲ್ಲ. ಉಡುಪಿಯ ಸುತ್ತುಮುತ್ತ 2021ರಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆದಾಗ ನಾನು ಪತ್ರಿಕೆಯಲ್ಲಿ ಓದಿ ಮೆಚ್ಚಿ ಸುಮ್ಮನಿದ್ದವನು. ಈ ವರ್ಷ ಕಾರ್ತೆಲಿನಲ್ಲಿ ನೆರೆಯ ರೈತರೊಬ್ಬರ ಕೈಯಲ್ಲಿ ಮುಕ್ಕಾಲು ಪಾಲು ಗದ್ದೆಯನ್ನು ಉಳಿಸಿ ನಾಟಿ ಮಾಡಿಸಿದೆ. ಬಂದ ಭತ್ತಕ್ಕಿಂತ ಆದ ಖರ್ಚು ಹೆಚ್ಚು. ಇದನ್ನು ಲಾಭವೆಂದು ನಿಮಗೆ ಹೇಳಿದರೆ ಅದು ಇನ್ನೊಂದು ಬಕವೃತ್ತಿಯಾದೀತು. ಹೂಟಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಹೋದಾಗ ಕೆಸರುನೀರಿನಲ್ಲಿ ನಾಲ್ಕು ಕೊರ್ಂಗುಗಳಿದ್ದವು. ಒಂದರ ಬೆನ್ನಿನ ಮೇಲೆ ಆಗಲೇ ಕೆಂಪು ಶಾಲು. ಇನ್ನೊಂದು ನಾನು ಹಾಕಿಸಿದ ಮಣ್ಣಿನ ದಿಬ್ಬದ ತುದಿಯಲ್ಲಿ ನಿಂತು ಕೆಳಗಿನ ನೀರನ್ನು ನೋಡುತ್ತಿತ್ತು.

ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಈ ಭಾಷಣ ಅವನ ಕಿವಿಗೆ ಬಿದ್ದಿದ್ದರೆ ಅವನಿಗೆ ನಾನು ಹೇಳಬೇಕಾದ ಉತ್ತರ ಇಷ್ಟೆ: ಹೌದು ಮಾರಾಯ, ಅದೇ ಇದು. ನಿಮ್ಮ ಗದ್ದೆಯ ಕೊರ್ಂಗೇ ಕಾವ್ಯದ ಬಕ. ಗದ್ದೆಗೆ ಹೋಗಿ ನೋಡಿ ಬಂದ ಮೇಲೆ ಪಾಠ ಮುಂದುವರಿಸಬೇಕಾಗಿತ್ತು.